ಮಂಡಿ ಡಾಕ್ಟರ ಮಹಡಿ ಮೆಟ್ಟಿಲು

ನಮ್ಮಕ್ಕ ಮುನಿಯಮ್ಮನಿಗೆ ಮೊಟ್ಟೆ ಅಲರ್ಜಿಯಂತೆ. ಹಾಗೆಂದು ಬಂಗಾರಪೇಟೆಯ ಒಂದು ಕ್ಲಿನಿಕ್ಕಿನ ಚೀಟಿಯಲ್ಲಿ ಕೆಂಪು ಇಂಕಿನಿಂದ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾರೆ. ಅರವತ್ತೆಂಟು ವರ್ಷದ ನಮ್ಮಕ್ಕ ಬೂದಿಕೋಟೆಯ ತನ್ನ ಹಿತ್ತಲಲ್ಲಿ ಒಂಬತ್ತು ಕೋಳಿ ಸಾಕಿದ್ದಾಳೆ. ಹಲ್ಲು ಬಂದಂದಿನಿಂದ ಅವಳು ತಿಂದ ಮೊಟ್ಟೆಗಳನ್ನು ಸಾಲಾಗಿ ಜೋಡಿಸಿದರೆ ಬೂದಿಕೋಟೆಯ ಬಸ್‌ಸ್ಟಾಪಿನಿಂದ ಬಂಗಾರಪೇಟೆಯ ರೈಲ್ವೆ ಗೇಟಿನವರೆಗೂ ಬರುತ್ತವೆ. ಅಂಥವಳಿಗೆ ಮೊಟ್ಟೆ ಅಲರ್ಜಿ!

ಆ ಚೀಟಿ ಈಗ ನನ್ನ ಕನ್ನಡಕದ ಡಬ್ಬಿಯಲ್ಲಿದೆ. ಕನ್ನಡಕ ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಬಿದ್ದಾಗಲೆಲ್ಲ ಮೈ ಉರಿಯುತ್ತದೆ. ಹರಿದು ಬಿಸಾಕಬಹುದಲ್ಲ ಎಂದು ನೀವು ಕೇಳಬಹುದು. ಸಿಟ್ಟನ್ನು ಹಾಗೆ ಸುಲಭವಾಗಿ ಬಿಸಾಕುವವಳು ನಾನಲ್ಲ. ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದೆ. ಮಕ್ಕಳು ನನ್ನ ಬೆನ್ನ ಹಿಂದೆ 'ಪಟಾಕಿ ಮಿಸ್' ಅನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಜಗಳ ಶುರುವಾದದ್ದು ಮೊಟ್ಟೆಯಿಂದ ಅಲ್ಲ, ಅಕ್ಕನ ಮಂಡಿಯಿಂದ. ಎರಡು ವರ್ಷದಿಂದ ಅವಳ ಎಡ ಮಂಡಿ ಕಟಕಟ ಅನ್ನುತ್ತಿತ್ತು. ಆಮೇಲೆ ಬಲದ್ದೂ ಸೇರಿಕೊಂಡಿತು. ಎಕ್ಸ್‌ರೇ ತೆಗೆಸಿದರೆ "ಸವೆದಿದೆ" ಅಂದರು. ಈ ಮಾತು ಕೇಳಿದರೇ ನನಗೆ ಆಗುವುದಿಲ್ಲ. ಸವೆಯುವುದಕ್ಕೆ ಅದೇನು ಚಪ್ಪಲಿಯೇ? ಆದರೆ ಅಕ್ಕನಿಗೆ ಅದರಿಂದ ಬೇಸರವೇನೂ ಆಗಲಿಲ್ಲ. "ದುಡ್ದಿದ್ದು ಸವೀತೈತೆ, ದುಡೀದೆ ಇದ್ದಿದ್ದು ತುಕ್ಕಿಡೀತೈತೆ" ಅಂದು ಎಕ್ಸ್‌ರೇ ಹಾಳೆಯನ್ನು ಬಿಸಿಲಿಗೆ ಹಿಡಿದು, ತನ್ನದೇ ಮೂಳೆಯನ್ನು ಯಾರದೋ ಮದುವೆಯ ಫೋಟೋ ನೋಡುವಷ್ಟು ಆಸೆಯಿಂದ ನೋಡಿದಳು.

ಊರಿನವರೆಲ್ಲ ಒಂದೊಂದು ಮದ್ದು ಹೇಳಿದರು. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದ್ದಾಯಿತು. ಹರಳೆಣ್ಣೆ ತಿಕ್ಕಿದ್ದಾಯಿತು. ಹುಣಸೆ ಬೀಜ ಹುರಿದು ಪುಡಿ ಮಾಡಿ ಹಾಲಿಗೆ ಹಾಕಿ ಕುಡಿದದ್ದೂ ಆಯಿತು. ಯಾವುದಕ್ಕೂ ಮಂಡಿ ಜಗ್ಗಲಿಲ್ಲ. ಕೊನೆಗೆ ಹಾಲಿನ ಡೈರಿಯಲ್ಲಿ ಸಾಲಾಗಿ ಕ್ಯಾನು ಹಿಡಿದು ನಿಂತಿದ್ದಾಗ ಪಕ್ಕದ ಬೀದಿಯ ಹೆಂಗಸೊಬ್ಬಳು, "ಬಂಗಾರಪೇಟೇಲಿ ಮಂಡೀಗೆ ಎಣ್ಣೆ ಸೂಜಿ ಆಕ್ತಾರಂತೆ ಕಣಕ್ಕಾ" ಅಂದಳು. ಎಣ್ಣೆ ಸೂಜಿ! ಕೀಲಿನ ಒಳಗೆ ಜಾರುವ ಹಾಗೆ ಒಂದು ಅಂಟು ದ್ರವವನ್ನು ಚುಚ್ಚುತ್ತಾರೆ, ಆಗ ಮೂಳೆಗೆ ಮೂಳೆ ಉಜ್ಜುವುದು ಕಡಿಮೆಯಾಗುತ್ತದೆ ಎಂದು ನಾನು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಅಕ್ಕನಿಗೆ ಅಷ್ಟೆಲ್ಲ ಬೇಕಿರಲಿಲ್ಲ. ಎಣ್ಣೆ ಅಂದರೆ ಸಾಕಿತ್ತು.

ಅವಳಿಗೆ ಇಷ್ಟು ಅವಸರ ಯಾಕೆಂದರೆ ಕೆಂಪಿ. ಕೆಂಪಿ ಅವಳ ಹಸು. ಸೊಸೆ ಕತ್ತಲು ಹರಿಯುವ ಮೊದಲೇ ಫ್ಯಾಕ್ಟರಿ ಬಸ್ಸು ಹತ್ತುತ್ತಾಳೆ, ಮಗ ಗಾರೆ ಕೆಲಸಕ್ಕೆ ಹೋಗುತ್ತಾನೆ. ಹಾಲು ಕರೆಯುವುದು ಅಕ್ಕನ ಪಾಲಿಗೆ. ಅದೂ ಕೆಂಪಿ ಸಾಮಾನ್ಯದ ಹಸುವಲ್ಲ. ಅಕ್ಕ ಕುಕ್ಕರಗಾಲಲ್ಲಿ ಕೂತು, ಹಣೆಯನ್ನು ಅದರ ಹೊಟ್ಟೆಗೆ ಆನಿಸಿ, ನೆರೆಮನೆಯವರ ಸುದ್ದಿಯನ್ನೆಲ್ಲ ಮೆಲ್ಲಗೆ ಹೇಳಿದರೆ ಮಾತ್ರ ಹಾಲು ಇಳಿಸುತ್ತದೆ. ಸೊಸೆ ಒಂದು ದಿನ ಕೂತರೆ ಒದ್ದು ಬಕೆಟ್ಟು ಉರುಳಿಸಿತು. ಅಕ್ಕನಿಗೆ ಕೂತರೆ ಏಳಲು ಆಗುತ್ತಿರಲಿಲ್ಲ. ಎರಡು ಸಲ ಕೊಟ್ಟಿಗೆಯಲ್ಲೇ ಹಿಂದಕ್ಕೆ ಬಿದ್ದಳು. ಮಗ ನೋಡಿ ನೋಡಿ, "ದೀಪಾವಳಿ ಒಳ್ಗೆ ಅಸ ಮಾರ್ಬಿಡಾನ ಕಣಮ್ಮ" ಅಂದ. ಅವನ ಮಾತೂ ತಪ್ಪಲ್ಲ.

ಅಕ್ಕ ನನಗೆ ಫೋನು ಮಾಡಿದಳು. ಅವಳು ಫೋನಿನಲ್ಲಿ ಅಳುವವಳಲ್ಲ, ಆ ದಿನವೂ ಅಳಲಿಲ್ಲ. "ಸರೋಜಿ, ಅಸ ಓದ್ರೆ ನಾನು ಬೆಳಿಗ್ಗೆ ಎದ್ದು ಏನ್ ಮಾಡ್ಲೇ?" ಎಂದಷ್ಟೇ ಕೇಳಿದಳು. "ಶನಿವಾರ ಬಂಗಾರಪೇಟೆಗೆ ಬಾ, ನಾನು ಬಸ್‌ಸ್ಟ್ಯಾಂಡಲ್ಲಿ ಇರ್ತೀನಿ" ಅಂದೆ.

ಶನಿವಾರವೇ ಯಾಕೆಂದರೆ ಆ ಮಂಡಿ ಡಾಕ್ಟರು ಬೆಂಗಳೂರಿನಿಂದ ರೈಲಿನಲ್ಲಿ ಶನಿವಾರ ಮಾತ್ರ ಬರುತ್ತಾರೆ. ಬರಲಿ, ಸಂತೋಷ. ಆದರೆ ಅವರು ಕೂರುವುದೆಲ್ಲಿ? ನೀವೇ ಊಹಿಸಿ. ಮಂಡಿ ನೋವಿನವರನ್ನು ನೋಡುವ ಡಾಕ್ಟರು ಎರಡನೇ ಮಹಡಿಯಲ್ಲಿ! ಕೆಳಗೆ ಒಂದು ರಕ್ತ ಪರೀಕ್ಷೆಯ ಲ್ಯಾಬು, ಮೊದಲನೇ ಮಹಡಿಯಲ್ಲಿ ಟೈಲರಿಂಗ್ ಕ್ಲಾಸು, ಅದರ ಮೇಲೆ ಇವರು. ಲಿಫ್ಟಿಲ್ಲ. ಮೂವತ್ತೆಂಟು ಮೆಟ್ಟಿಲು, ನಾನೇ ಎಣಿಸಿದ್ದೇನೆ. ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಕೈ ಊರುವ ಎತ್ತರಕ್ಕೆ ಉದ್ದಕ್ಕೂ ಒಂದು ಎಣ್ಣೆ ಜಿಡ್ಡಿನ ಪಟ್ಟೆ. ಮೊದಲು ಬಣ್ಣ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಮಂಡಿ ನೋವಿನವರೆಲ್ಲ ಗೋಡೆ ಹಿಡಿದು ಹತ್ತಿ ಹತ್ತಿ ಆದ ಗುರುತು. ಅದನ್ನು ನೋಡಿದ ಕೂಡಲೇ ನನ್ನ ಪಟಾಕಿಗೆ ಬೆಂಕಿ ತಗುಲಿತು.

ಅಕ್ಕ ಮೊದಲನೇ ಮಹಡಿಯವರೆಗೆ ಒಂದೊಂದೇ ಕಾಲು ಜೋಡಿಸಿಕೊಂಡು ಹತ್ತಿದಳು. ಆಮೇಲೆ ಆಗಲಿಲ್ಲ. ಸೀರೆ ಸರಿಮಾಡಿಕೊಂಡು, ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಕೈಯೂರಿ ಹಿಂದಕ್ಕೆ ಒಂದೊಂದೇ ಮೆಟ್ಟಿಲು ಏರತೊಡಗಿದಳು. ಟೈಲರಿಂಗ್ ಹುಡುಗಿಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು, ಅಳು ಬಂದರೆ ನನಗೆ ಸಿಟ್ಟು ಇನ್ನೂ ಜಾಸ್ತಿಯಾಗುತ್ತದೆ. ಅಕ್ಕ ಮಾತ್ರ ಅವರಿಗೆ, "ಏನ್ರಮ್ಮಾ ನೋಡ್ತೀರಾ, ಓಗಿ ಒಲೀರಿ, ನಾಳೆ ನನ್ನ ರವಿಕೆ ನೀವೇ ಒಲಿಬೇಕು" ಅಂದಳು.

ಈ ಲಿಫ್ಟಿನ ವಿಷಯದಲ್ಲಿ ನಮ್ಮ ಮನೆತನಕ್ಕೆ ಮಾತಾಡುವ ಅಧಿಕಾರ ಸ್ವಲ್ಪ ಇದೆ. ನಮ್ಮಪ್ಪ ನಾರಾಯಣಪ್ಪ ಬೂದಿಕೋಟೆ ಕಡೆಯಿಂದ ಕೂಲಿಗೆ ಹೋಗಿ ಕೆ.ಜಿ.ಎಫ್. ಸೇರಿದವನು. ನಂದಿದುರ್ಗ ಮೈನ್ಸಿನಲ್ಲಿ ಅವನ ಕೆಲಸ ಗ್ರೀಸು ಹಾಕುವುದು. ಗಣಿಯ ಬಾವಿ, ಅಂದರೆ ಶಾಫ್ಟಿನ ನೆತ್ತಿಯ ಮೇಲೆ ತಿರುಗುವ ದೊಡ್ಡ ಗಾಲಿ, ಅದರ ಮೇಲೆ ಓಡುವ ಉಕ್ಕಿನ ಹಗ್ಗ, ಹಗ್ಗಕ್ಕೆ ತೂಗುಬಿದ್ದ ಕೇಜು. ಆ ಕೇಜಿನಲ್ಲಿ ಜನ ಸಾವಿರಾರು ಅಡಿ ಭೂಮಿಯೊಳಕ್ಕೆ ಇಳಿಯುತ್ತಿದ್ದರು, ಮತ್ತೆ ಮೇಲೆ ಬರುತ್ತಿದ್ದರು. ನೆಲದೊಳಗಿನ ಚಿನ್ನ ತರಲು ಅಷ್ಟು ಆಳಕ್ಕೆ ಲಿಫ್ಟು ಇಟ್ಟಿದ್ದ ಊರಿನ ಪಕ್ಕದಲ್ಲಿ, ಮಂಡಿ ಡಾಕ್ಟರ ಹತ್ತಿರ ಹೋಗಲು ಎರಡು ಮಹಡಿಗೆ ಲಿಫ್ಟಿಲ್ಲ ಅಂದರೆ ಏನು ಹೇಳಬೇಕು? ಚಿನ್ನ ಇದ್ದಲ್ಲಿಗೆ ದಾರಿ ಸಲೀಸಾಗಿರುತ್ತದೆ.

ಅಪ್ಪ ಹತ್ತುತ್ತಿದ್ದದ್ದು ಕೇಜಿನಲ್ಲಿ ಅಲ್ಲ. ಗಾಲಿಗೆ ಗ್ರೀಸು ಹಾಕಲು ಕಬ್ಬಿಣದ ಏಣಿಯಲ್ಲಿ ಮೇಲೆ ಹೋಗಬೇಕು, ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಯಾರಾದರೂ ಕೂಗಿದರೆ ಇನ್ನೊಂದು ಸಲ. ಎಲ್ಲರೂ ಅವನನ್ನು 'ಗ್ರೀಸ್ ನಾರಾಯಣಪ್ಪ' ಅಂತಲೇ ಕರೆಯುತ್ತಿದ್ದರು. ಮೈನ್ಸಿನವರು ಕೂಲಿಗಳಿಗೆ ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಯ ಬಾಗಿಲಿಗೆ ಅವನು ಬರುವ ಮೊದಲು ಅವನ ವಾಸನೆ ಬರುತ್ತಿತ್ತು. ಅಮ್ಮ ಸೀಗೆಪುಡಿ ಹಾಕಿ ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಆ ಕೈಯಲ್ಲೇ ಅವನು ನನಗೆ ಅ ಆ ಬರೆಸಿದ್ದು. ನನ್ನ ಒಂದನೇ ತರಗತಿಯ ಪುಸ್ತಕದಲ್ಲಿ ಪ್ರತಿ ಪುಟದ ಮೂಲೆಯಲ್ಲೂ ಒಂದು ಕಪ್ಪು ಹೆಬ್ಬೆಟ್ಟು ಇತ್ತು.

ಎಲ್ಲಿದ್ದೆ? ಹೌದು, ಮೂವತ್ತೆಂಟನೇ ಮೆಟ್ಟಿಲಲ್ಲಿ. ಅಕ್ಕ ಹತ್ತಿದಳು, ನಾನೂ ಹತ್ತಿದೆ. ನಾನು ಏದುಸಿರು ಬಿಡುತ್ತಾ ಒಂದು ಕುರ್ಚಿಯಲ್ಲಿ ಕುಸಿದು, ಯಾರೂ ನೋಡದ ಹಾಗೆ ನನ್ನ ಬಲ ಮಂಡಿಯನ್ನು ಒತ್ತಿಕೊಳ್ಳುತ್ತಿದ್ದೆ. ನನಗೂ ನೋವಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ, ಹೇಳುವುದೂ ಇಲ್ಲ. ಅಷ್ಟರಲ್ಲಿ ಮೇಜಿನ ಹಿಂದಿನ ಹುಡುಗಿ ಅಕ್ಕನ ಹೆಸರು, ವಯಸ್ಸು, ಶುಗರು, ಬಿ.ಪಿ. ಎಲ್ಲ ಕೇಳಿ ಬರೆದುಕೊಂಡಿದ್ದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು, "ಮೊಟ್ಟೆ, ಕೋಳಿ ಎಲ್ಲಾ ಆಗುತ್ತಾ ಅಮ್ಮಾ?"

ಅಕ್ಕ, "ಇಲ್ಲ ಕಣಮ್ಮಾ, ಆಗಲ್ಲ" ಅಂದಳು.

ನಾನು ಕೇಳಿಸಿಕೊಂಡೆ, ಆದರೆ ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿ ಆಗ ಇದ್ದದ್ದು ಮೆಟ್ಟಿಲು.

ಡಾಕ್ಟರು ಚಿಕ್ಕ ವಯಸ್ಸಿನವರು. ಮೆತ್ತಗೆ ಮಾತಾಡುವವರು. ಕೂಗಾಡಬೇಕೆಂದು ಹೋದವರಿಗೆ ಇಂಥವರಿಂದ ಬಹಳ ತೊಂದರೆ. ಅವರು ಅಕ್ಕನ ಮಂಡಿ ಮಡಿಸಿ, ಬಿಡಿಸಿ, ಅಂಗೈ ಇಟ್ಟು ಅದರ ಕಟಕಟ ಕೇಳಿ, "ಒಳಗೆ ಗ್ರೀಸು ಕಮ್ಮಿಯಾಗಿದೆ ಅಮ್ಮಾ" ಅಂದರು.

ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ನಕ್ಕೆವು. ಡಾಕ್ಟರಿಗೆ ಅರ್ಥವಾಗಲಿಲ್ಲ.

ಅದು ಅಪ್ಪನ ಮಾತು. ಅಪ್ಪನಿಗೆ ನಲವತ್ತೈದು ದಾಟುವಾಗಲೇ ಕಾಲು ಮಡಿಸಲು ಆಗುತ್ತಿರಲಿಲ್ಲ. ಎಲ್ಲರೂ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಮುದ್ದೆ ನುಂಗುತ್ತಿದ್ದರೆ ಅವನು ಗೋಡೆಗೊರಗಿ ನಿಂತೇ ತಿನ್ನುತ್ತಿದ್ದ. ಒಂದು ದಿನ ಮೈನ್ಸಿನ ಹಳೆ ಪೆಟ್ಟಿಗೆಯ ಹಲಗೆ ತಂದು, ತಾನೇ ಕೊಯ್ದು, ಮೊಳೆ ಹೊಡೆದು, ಒಂದು ಗಿಡ್ಡ ಸ್ಟೂಲು ಮಾಡಿಕೊಂಡ. ಅಂದಿನಿಂದ ಊಟಕ್ಕೆ ಅದರ ಮೇಲೆ ಕೂರತೊಡಗಿದ. ಆ ಸ್ಟೂಲಿಗೆ ಮನೆಯಲ್ಲಿ 'ದೊರೆ ಕುರ್ಚಿ' ಎಂದು ಹೆಸರು ಬಿತ್ತು. ನೆಲದ ಮೇಲೆ ಕೂರದೆ ಕಾಲು ಇಳಿಬಿಟ್ಟು ಉಣ್ಣುವವರು ಬಂಗಲೆಯ ದೊರೆಗಳು ಮಾತ್ರ ಎಂದು ನಮಗೆ ಗೊತ್ತಿತ್ತಲ್ಲ. ಪಕ್ಕದ ಲೈನಿನವರೂ ಬಂದು, "ಎನ್ನ ದೊರೆ, ಸಾಪಾಡು ಆಚ್ಚಾ?" ಎಂದು ಊಟ ಆಯಿತಾ ಅಂತ ತಮಿಳಿನಲ್ಲಿ ರೇಗಿಸುತ್ತಿದ್ದರು. ಅಪ್ಪ ಮಂಡಿ ತಟ್ಟಿಕೊಂಡು, "ಗ್ರೀಸು ಕಮ್ಮಿ ಆಗೈತೆ ಕಣ್ರಪ್ಪಾ, ಅಷ್ಟೇಯಾ" ಅನ್ನುತ್ತಿದ್ದ. ಊರಿಗೆಲ್ಲ ಗ್ರೀಸು ಹಾಕುವವನಿಗೇ ಗ್ರೀಸು ಕಮ್ಮಿಯೇ ಎಂದು ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದೆವು.

ಡಾಕ್ಟರು ಹೇಳಬೇಕಾದ್ದನ್ನೆಲ್ಲ ಹೇಳಿದರು. ಈ ಇಂಜೆಕ್ಷನ್ ಕೆಲವರಿಗೆ ಕೆಲವು ತಿಂಗಳು ಚೆನ್ನಾಗಿ ಕೆಲಸ ಮಾಡುತ್ತದೆ, ಕೆಲವರಿಗೆ ಅಷ್ಟೇನೂ ಮಾಡುವುದಿಲ್ಲ, ಸವೆದದ್ದು ಮತ್ತೆ ಬೆಳೆಯುವುದಿಲ್ಲ, ತೊಡೆಗೆ ಬಲ ಬರುವ ವ್ಯಾಯಾಮ ಮಾಡಲೇಬೇಕು. ಅಲ್ಲಿಯವರೆಗೆ ಅವರ ಮೇಲೆ ನನಗೆ ಗೌರವವೇ ಬಂದಿತ್ತು. ಆಮೇಲೆ ಅಂದರು, "ನೆಲದ ಮೇಲೆ ಕೂರಬೇಡಿ. ಕುಕ್ಕರಗಾಲಲ್ಲಿ ಅಂತೂ ಬೇಡವೇ ಬೇಡ. ಮತ್ತೆ, ಮೆಟ್ಟಿಲು ಹತ್ತಬೇಡಿ."

ಮೆಟ್ಟಿಲು ಹತ್ತಬೇಡಿ! ಮೂವತ್ತೆಂಟು ಮೆಟ್ಟಿಲ ಮೇಲೆ ಫ್ಯಾನಿನಡಿ ಕೂತುಕೊಂಡು, ಅಂಡಿನ ಮೇಲೆ ಏರಿ ಬಂದ ಮುದುಕಿಗೆ ಹೇಳುವ ಮಾತು! ಅಕ್ಕ ನಿಧಾನವಾಗಿ, "ಅಂಗಾರೆ ಇಳಿಯಾದ್ ಎಂಗೆ ಸ್ವಾಮಿ? ಇಲ್ಲೇ ಇದ್ಬುಡ್ಲಾ?" ಎಂದು ಕೇಳಿದಳು. ಡಾಕ್ಟರು ನಕ್ಕುಬಿಟ್ಟರು. ಅದು ತಮಾಷೆ ಅಂದುಕೊಂಡರು.

ಆಮೇಲೆ ಚೀಟಿ ನೋಡಿದವರು ಹುಬ್ಬು ಗಂಟು ಹಾಕಿ, "ಓ, ಕೋಳಿ, ಮೊಟ್ಟೆ ಆಗಲ್ವಾ? ಹಾಗಾದರೆ ಇವತ್ತು ಬೇಡಮ್ಮಾ. ನಮ್ಮ ಹತ್ತಿರ ಇರೋ ಈ ಔಷಧಿ ಕೋಳಿ ಜುಟ್ಟಿನಿಂದ ಮಾಡಿದ್ದು" ಅಂದರು. ಅಕ್ಕ ಎರಡೂ ಕೈ ಜೋಡಿಸಿ, "ನಿಮ್ಮ ಒಟ್ಟೆ ತಣ್ಣಗಿರ್ಲಿ ಸ್ವಾಮಿ, ನೀವಾದ್ರೂ ಅರ್ಥ ಮಾಡ್ಕಂಡ್ರಿ" ಅಂದಳು. ನನಗೆ ಯಾವುದೂ ಅರ್ಥವಾಗಲಿಲ್ಲ. ವಯಸ್ಸಾದ ಮೇಲೆ ಏನಾದರೂ ಒಗ್ಗದೆ ಹೋಗಿರಬಹುದು, ನನಗೆ ಹೇಳಿಲ್ಲ ಅಂದುಕೊಂಡು, ಅದಕ್ಕೂ ಒಂದಿಷ್ಟು ಸಿಟ್ಟು ಮಾಡಿಕೊಂಡೆ.

ಮತ್ತೆ ಕೂತುಕೊಂಡೇ ಮೂವತ್ತೆಂಟು ಮೆಟ್ಟಿಲು ಇಳಿದು, ಬಸ್‌ಸ್ಟ್ಯಾಂಡಿನ ಹತ್ತಿರ ಬೇಕರಿಗೆ ಬಂದೆವು. ಬಂಗಾರಪೇಟೆಗೆ ಬಂದು ಪಾನಿಪುರಿ ತಿನ್ನದೆ ಹೋಗುವುದು ಅಕ್ಕನ ಪ್ರಕಾರ ಪಾಪ. ಆದರೆ ಅದನ್ನು ಗಾಡಿಯ ಮುಂದೆ ನಿಂತು ತಿನ್ನಬೇಕು, ನಿಲ್ಲಲು ಅವಳ ಕಾಲಲ್ಲಿ ತ್ರಾಣವಿರಲಿಲ್ಲ. ಬೇಕರಿಯ ಬೆಂಚಿನಲ್ಲಿ ಕೂರಿಸಿ ಎರಡು ತರಕಾರಿ ಪಫ್ ಹೇಳಿದೆ. ಗಾಜಿನೊಳಗೆ ಪಕ್ಕದಲ್ಲೇ ಮೊಟ್ಟೆ ಪಫ್ ಇದ್ದವು. ಅಕ್ಕ ಅದನ್ನೇ ನೋಡುತ್ತಾ, "ನಾಳೆ ಆಗಿದ್ರೆ ಅದನ್ನೇ ತಿಂತಿದ್ದೆ ಕಣೇ" ಅಂದಳು.

"ನಾಳೆ ಆಗಿದ್ರೆ? ನಿಂಗೆ ಮೊಟ್ಟೆ ಆಗಲ್ಲ ಅಂದ್ಯಲ್ಲ?"

"ಊಂ ಮತ್ತೆ, ಇವತ್ತು ಶನಿವಾರ ಅಲ್ವೇನೇ? ಎಂಥಾ ಒಳ್ಳೆ ಡಾಕ್ಟ್ರು ನೋಡು. ಶನಿವಾರ ಅಂತ ಕೋಳಿ ಸೂಜಿ ಆಕ್ಲೇ ಇಲ್ಲ."

ನಮ್ಮ ಮನೆದೇವರು ತಿರುಪತಿ ವೆಂಕಟರಮಣ. ಶನಿವಾರ ನಮ್ಮಲ್ಲಿ ಮೊಟ್ಟೆ ಒಡೆಯುವುದಿಲ್ಲ, ಕೋಳಿಯ ಮಾತೂ ಎತ್ತುವುದಿಲ್ಲ. ಆ ಹುಡುಗಿ ಕೇಳಿದ್ದು ಮೈಗೆ ಆಗುತ್ತದೆಯೇ ಎಂದು. ಅಕ್ಕ ಹೇಳಿದ್ದು ಇವತ್ತಿಗೆ ಆಗುವುದಿಲ್ಲ ಎಂದು. ನಡುವೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದವಳು ಕನ್ನಡ ಮೇಡಂ!

ಪಫ್ಫನ್ನು ಅಲ್ಲೇ ಬಿಟ್ಟು ಎದ್ದೆ. ನೋವಿನ ಮಂಡಿ ಸಿಟ್ಟು ಬಂದಾಗ ನೋಯುವುದಿಲ್ಲ ಎಂಬುದನ್ನು ಆ ದಿನ ಕಂಡುಕೊಂಡೆ. ಮೂವತ್ತೆಂಟನ್ನೂ ಒಂದೇ ಉಸಿರಿಗೆ ಹತ್ತಿ, ಮೇಜಿನ ಮುಂದೆ ನಿಂತು, "ಏನಮ್ಮಾ, ಅಷ್ಟು ಕನ್ನಡ ಬರಲ್ವಾ ನಿಂಗೆ? ಯಾರಮ್ಮಾ ನಿಂಗೆ ಕನ್ನಡ ಹೇಳ್ಕೊಟ್ಟಿದ್ದು?" ಎಂದು ಗುಡುಗಿದೆ.

ಅವಳು ಎದ್ದು ನಿಂತಳು. ಮುಖ ಕೆಂಪಾಯಿತು. "ನೀವೇ ಮಿಸ್" ಅಂದಳು.

ನೋಡಿದೆ. ಸೆಲ್ವಿ. ಕೆ.ಜಿ.ಎಫ್.ನ ಮೈಸೂರು ಮೈನ್ಸ್ ಕಡೆಯ ಹುಡುಗಿ, ಎರಡನೇ ಬೆಂಚು, ಕಿಟಕಿ ಪಕ್ಕ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ನನ್ನ ತರಗತಿಯಲ್ಲಿ ಮಾತ್ರ ಕನ್ನಡ. "ಒತ್ತುಕ್ಕಾದುನ್ನು ನೆನಚ್ಚೇನ್ ಮಿಸ್" ಎಂದು ತಮಿಳಿಗೆ ಜಾರಿದಳು. ಮೈಗೆ ಒಗ್ಗುವುದಿಲ್ಲ ಅಂದುಕೊಂಡೆ ಎಂದು ಅದರ ಅರ್ಥ. ಮತ್ತೆ ಕನ್ನಡಕ್ಕೆ ಬಂದು, "ನೀವೇ ಹೇಳ್ಕೊಟ್ಟಿದ್ದು ಮಿಸ್. ಆಗಲ್ಲ ಅಂದ್ರೆ ನಮ್ಮ ತಮಿಳಿನ ಆಗಾದು ಅಂತ, ಒಗ್ಗಲ್ಲ ಅಂತ" ಅಂದಳು. ಹೌದು, ಹೇಳಿಕೊಟ್ಟಿದ್ದೆ. ತಮಿಳು ಮಕ್ಕಳಿಗೆ ಕನ್ನಡ ಸುಲಭ ಮಾಡುತ್ತೇನೆಂದು, ನಿಮ್ಮ ಮಾತಿಗೂ ನಮ್ಮ ಮಾತಿಗೂ ಹೆಚ್ಚು ದೂರವಿಲ್ಲ ಎಂದು, ಕಪ್ಪು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದ್ದೆ. ನನ್ನ ಸಿಟ್ಟು ಎಲ್ಲಿ ಇಳಿಯಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೆಯೇ ನಿಂತಿತು.

"ಸರಿ, ಅದನ್ನ ಹೊಡೆದುಹಾಕು" ಅಂದೆ.

"ಚೀಟೀಲಿ ಹೊಡೀಬಹುದು ಮಿಸ್. ಕಂಪ್ಯೂಟರ್‌ಗೆ ಹೋಗ್ಬಿಟ್ಟಿದೆ, ತೆಗೆಯೋಕೆ ನಂಗೆ ಬರಲ್ಲ."

ಹೀಗಾಗಿ ನಮ್ಮಕ್ಕನಿಗೆ ಇವತ್ತಿಗೂ ಮೊಟ್ಟೆ ಅಲರ್ಜಿ. ಡಾಕ್ಟರು ರೈಲು ಹಿಡಿಯಲು ಆಗಲೇ ಇನ್ನೊಂದು ಬಾಗಿಲಿಂದ ಹೊರಟುಹೋಗಿದ್ದರು. ಮುಂದಿನ ಸಲ ಬರುವುದು ಮುಂದಿನ ಶನಿವಾರ. ಮುಂದಿನ ಶನಿವಾರವೂ ಶನಿವಾರವೇ! ಕೋಳಿಯ ಸೂಜಿ ಅಕ್ಕ ಹಾಕಿಸಿಕೊಳ್ಳುವುದಿಲ್ಲ, ಬೇರೆ ವಾರ ಡಾಕ್ಟರು ಬರುವುದಿಲ್ಲ. ವೆಂಕಟರಮಣ ಸ್ವಾಮಿಗೂ ರೈಲಿನ ವೇಳಾಪಟ್ಟಿಗೂ ನಡುವೆ ಸಿಕ್ಕಿಕೊಂಡು ಕೆಂಪಿ ಮಾರಾಟವಾಗುವ ಹಾಗಾಯಿತು. ಸೆಲ್ವಿ ಪಾಪ, ಕೂಡಲೇ ಡಾಕ್ಟರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಅವರು, "ಕೋಳಿ ಇಲ್ಲದ್ದೂ ಬರುತ್ತೆ ಮೇಡಂ. ಹುದುಗು ಬರಿಸಿ ಮಾಡ್ತಾರೆ. ಬರೋ ವಾರ ಅದನ್ನೇ ತರ್ತೀನಿ" ಅಂದರು. ಕೆಳಗೆ ಬಂದು ಅಕ್ಕನಿಗೆ ಹೇಳಿದೆ. "ಇಡ್ಲಿ ಇಟ್ಟಿನಂಗಾ? ಅಂಗಾರೆ ಶನಿವಾರಕ್ಕೇನೂ ಇಲ್ಲ" ಎಂದು ಒಪ್ಪಿಗೆ ಕೊಟ್ಟು, ನನ್ನ ಪಫ್ಫನ್ನೂ ತಿಂದು ಮುಗಿಸಿದಳು.

ಆ ಒಂದು ವಾರ ನಾನು ಮನೆಯಲ್ಲಿ ಭಾಷಣ ಸಿದ್ಧ ಮಾಡಿದೆ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. "ಮಾನ್ಯ ವೈದ್ಯರೇ" ಎಂದು ಶುರು. ನಡೆಯಲಾರದವರನ್ನು ಹತ್ತಿಸಿ, ಹತ್ತಬಾರದೆಂದು ಉಪದೇಶ ಮಾಡುವ ನ್ಯಾಯ ಯಾವುದು ಎಂದು ಮಧ್ಯಭಾಗ. ಗೋಡೆಯ ಮೇಲಿನ ಜಿಡ್ಡಿನ ಪಟ್ಟೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ.

ಶನಿವಾರ ಬಂತು. ಅಕ್ಕನನ್ನು ಕೆಳಗೆ ಲ್ಯಾಬಿನ ಬೆಂಚಿನ ಮೇಲೆ ಕೂರಿಸಿ, ನಾನೊಬ್ಬಳೇ ಮೇಲೆ ಹೋದೆ. ಸೆಲ್ವಿ ನನ್ನ ಮುಖ ನೋಡಿಯೇ ಒಳಗೆ ಬಿಟ್ಟಳು.

"ಮಾನ್ಯ ವೈದ್ಯರೇ," ಅಂದೆ. "ನಮ್ಮಕ್ಕ ಮೆಟ್ಟಿಲು ಹತ್ತುವುದಿಲ್ಲ. ನೀವು ಕೆಳಗೆ ಬರಬೇಕು."

ಇನ್ನು ಮಧ್ಯಭಾಗಕ್ಕೆ ಹೋಗಬೇಕು, ಅಷ್ಟರಲ್ಲಿ ಅವರು, "ಹೌದಲ್ವಾ. ಕೆಳಗೆ ಲ್ಯಾಬಲ್ಲಿ ಮಂಚ ಇದೆ, ಒಳಗಿನ ರೂಮೂ ಕ್ಲೀನಾಗಿದೆ. ನಡೀರಿ ಬಂದೆ" ಎಂದು ಎದ್ದೇಬಿಟ್ಟರು. ನನ್ನ ಭಾಷಣ ನನ್ನ ಬಾಯಲ್ಲೇ ಉಳಿಯಿತು. "ಮತ್ತೆ ಮೊದಲೇ ಯಾಕೆ ಬರ್ತಿರಲಿಲ್ಲ?" ಎಂದು ಕೇಳಿದೆ. ಅವರು ಕೈಗವಸು ಹುಡುಕುತ್ತಾ, "ಯಾರೂ ಕೇಳಲಿಲ್ಲ ಮೇಡಂ" ಅಂದರು.

ಅಷ್ಟು ದಿನ ಬಂದ ಸಿಟ್ಟೆಲ್ಲ ಒಂದು ತೂಕ, ಆ ಮಾತಿಗೆ ಬಂದ ಸಿಟ್ಟೇ ಒಂದು ತೂಕ. ಯಾರೂ ಕೇಳಲಿಲ್ಲವಂತೆ! ಕೇಳದಿದ್ದರೆ ನಿಮಗೆ ಕಣ್ಣಿಲ್ಲವೇ? ಗೋಡೆ ಕಾಣುವುದಿಲ್ಲವೇ? ಆದರೆ ಮೆಟ್ಟಿಲು ಇಳಿಯುವಾಗ ನನ್ನ ಕೈಯೂ ಆ ಜಿಡ್ಡಿನ ಪಟ್ಟೆಯ ಮೇಲೇ ಇತ್ತು. ಎಷ್ಟು ಕೈಗಳು ಇದನ್ನು ಹಿಡಿದು ಹತ್ತಿರಬೇಕು. ಒಬ್ಬರೂ ನೀವು ಕೆಳಗೆ ಬನ್ನಿ ಅನ್ನಲಿಲ್ಲ. ನೋಯುತ್ತಿದೆ ಎಂದು ಹೇಳುವುದೇ ಮರ್ಯಾದೆಗೆ ಕಮ್ಮಿ ಅಂದುಕೊಂಡ ಜನ ನಾವು. ಡಾಕ್ಟರ ಮುಂದೆ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ ನನ್ನನ್ನು ನೋಡಿ ಅವರು, "ನಿಮ್ಮದೂ ಬಲ ಮಂಡೀನಾ ಮೇಡಂ?" ಎಂದು ಕೇಳಿದರು. "ಏನಿಲ್ಲ, ಚಪ್ಪಲಿ ಕಚ್ಚುತ್ತೆ" ಅಂದೆ.

ಸೂಜಿ ಚುಚ್ಚುವಾಗ ಅಕ್ಕ ಮುಖ ತಿರುಗಿಸಲೂ ಇಲ್ಲ. "ದನಿನ ಡಾಕ್ಟ್ರು ಕೆಂಪೀಗೆ ಆಕಿದ್ದು ನೋಡಿವ್ನಿ ಸ್ವಾಮಿ. ಅದರ ಮುಂದೆ ಇದೇನು ಸೂಜೀನಾ?" ಅಂದಳು. ಎರಡು ಮಂಡಿಗೂ ಹಾಕಿಸಿಕೊಂಡು, ಡಾಕ್ಟರಿಗೆ ಮದುವೆ ಆಗಿದೆಯೇ ಎಂದು ವಿಚಾರಿಸಿ, ಅವರ ಊಟ ತಿಂಡಿಯ ಬಗ್ಗೆ ಬುದ್ಧಿ ಹೇಳಿ ಎದ್ದಳು. ಎರಡು ದಿನ ಸುಮ್ಮನೆ ಇರಬೇಕು, ಕುಕ್ಕರಗಾಲಲ್ಲಿ ಮಾತ್ರ ಇನ್ನು ಯಾವತ್ತೂ ಕೂರಬಾರದು ಎಂದು ಅವರು ಎರಡೆರಡು ಸಲ ಹೇಳಿದರು. ಅಕ್ಕ ಎರಡೂ ಸಲ ತಲೆ ಆಡಿಸಿದಳು.

ತಲೆ ಆಡಿಸಿದ್ದು ಯಾತಕ್ಕೋ ಗೊತ್ತಿಲ್ಲ. ಒಂದು ತಿಂಗಳು ಬಿಟ್ಟು ಭಾನುವಾರ ಬೆಳಿಗ್ಗೆ ಬೂದಿಕೋಟೆಗೆ ಹೋದರೆ ಅವಳು ಕೊಟ್ಟಿಗೆಯಲ್ಲಿ ಬಕೆಟ್ಟು ಹಿಡಿದು ಕುಕ್ಕರಗಾಲಲ್ಲಿ ಕೂರಲು ಬಗ್ಗುತ್ತಿದ್ದಳು. ನೋವು ಅರ್ಧಕ್ಕರ್ಧ ಕಮ್ಮಿಯಾಗಿದೆ ಎಂದು ಊರಿಗೆಲ್ಲ ಸಾರಿದ್ದಳಂತೆ. ಅರ್ಧ ಕಮ್ಮಿಯಾದದ್ದನ್ನು ಹೀಗೆ ಹಾಳು ಮಾಡಿಕೊಂಡರೆ ಹಸು ಉಳಿಯುತ್ತದೆಯೇ? ನಾನು ಬಾಗಿಲಿಂದಲೇ ಕೂಗಾಡಿದೆ.

"ಮತ್ತೆಂಗೆ ಕರೀಲೇ? ನಿಂತ್ಕಂಡು ಕರೀಲಾ?"

"ಸ್ಟೂಲ್ ಹಾಕ್ಕೊಂಡು ಕೂತ್ಕೊ."

"ಸ್ಟೂಲಾ? ಅಪ್ಪನಂಗೆ ದೊರೆ ಆಗ್ಲಾ? ನೋಡ್ದೋರು ನಗಾಕಿಲ್ವಾ?"

ನಾನು ಅವಳ ಮಾತಿಗೆ ಕಿವಿ ಕೊಡದೆ ಹಿತ್ತಲೆಲ್ಲ ಹುಡುಕಿದೆ. ಕೋಳಿಗೂಡಿನ ಬಾಗಿಲಿಗೆ ಅಡ್ಡವಾಗಿ ಒಂದು ಮರದ ತುಂಡು ಇಟ್ಟಿದ್ದಳು. ಎಳೆದರೆ ಅದೇ. ದೊರೆ ಕುರ್ಚಿ. ಅಮ್ಮ ಲೈನ್ ಮನೆ ಬಿಟ್ಟು ಬಂದಾಗ ಸಾಮಾನಿನ ಜೊತೆ ಬಂದಿರಬೇಕು. ಮೇಲೆಲ್ಲ ಹಿಕ್ಕೆ ಒಣಗಿತ್ತು. ನೀರು ಹಾಕಿ ತೊಳೆದು, ಕೆಂಪಿಯ ಪಕ್ಕಕ್ಕೆ ತಂದಿಟ್ಟೆ. ಅಕ್ಕ ಗೊಣಗುತ್ತಲೇ ಕೂತಳು. ಕೆಂಪಿ ಒಂದು ಸಲ ಹಿಂದೆ ತಿರುಗಿ ಸ್ಟೂಲನ್ನು ಮೂಸಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಒದೆಯಲಿಲ್ಲ.

ಅಕ್ಕ ಹಣೆಯನ್ನು ಅದರ ಹೊಟ್ಟೆಗೆ ಆನಿಸಿದಳು. ಸ್ಟೂಲಿನ ಎತ್ತರ ಅಳತೆ ಮಾಡಿಸಿದ ಹಾಗಿತ್ತು. ಮಂಡಿ ಎಷ್ಟು ಮಡಿಸಬಹುದೋ ಅಷ್ಟೇ ಮಡಚಿಕೊಂಡಿತ್ತು, ಅದಕ್ಕಿಂತ ಒಂದು ಬೆರಳೂ ಹೆಚ್ಚಿಲ್ಲ. ಬಕೆಟ್ಟಿಗೆ ಹಾಲು ಬೀಳುವ ಸದ್ದು ಶುರುವಾಯಿತು. ಆ ದಿನ ಅವಳು ಕೆಂಪಿಗೆ ಅಕ್ಕಪಕ್ಕದವರ ಸುದ್ದಿ ಏನೂ ಹೇಳಲಿಲ್ಲ, ಆದರೂ ಅದು ಹಾಲು ಇಳಿಸಿತು. ತುಂಬಾ ಹೊತ್ತಿನ ಮೇಲೆ, ಹಣೆ ಎತ್ತದೆ, "ಸರೋಜಿ" ಅಂದಳು.

"ಏನಕ್ಕಾ?"

"ಅಪ್ಪಂಗೂ ಇಂಗೇ ನೋಯ್ತಿತ್ತೇನೋ ಕಣೇ."

ನಾನು ಕೆಂಪಿಯ ಮುಂದೆ ಇನ್ನೊಂದು ಹಿಡಿ ಹುಲ್ಲು ಹಾಕಿದೆ. ಮಗ ಈಗ ಹಸು ಮಾರುವ ಮಾತು ಎತ್ತುತ್ತಿಲ್ಲ. ಸ್ಟೂಲು ಕೊಟ್ಟಿಗೆಯಲ್ಲೇ ಇದೆ. ನಾನು ಮಾತ್ರ ಕನ್ನಡಕದ ಡಬ್ಬಿ ತೆರೆದು ಆ ಕೆಂಪು ಗೆರೆ ನೋಡಿದಾಗಲೆಲ್ಲ ಡಾಕ್ಟರ ಮೇಲೆ, ಮೆಟ್ಟಿಲ ಮೇಲೆ, ಕಂಪ್ಯೂಟರಿನ ಮೇಲೆ, ಗಾಲಿಗೆ ದಿನಕ್ಕೆರಡು ಸಲ ಗ್ರೀಸು ಹಾಕಿಸಿ ಗ್ರೀಸು ಹಾಕುವವನ ಮಂಡಿಯನ್ನು ಒಂದು ಸಲವೂ ವಿಚಾರಿಸದ ಆ ಮೈನ್ಸಿನ ಮೇಲೆ ಸಿಟ್ಟು ಮಾಡಿಕೊಳ್ಳುತ್ತೇನೆ. ಎಲ್ಲರ ಮೇಲೂ ಮಾಡಿ ಮುಗಿದ ಮೇಲೆ ಒಬ್ಬಳು ಉಳಿಯುತ್ತಾಳೆ. ಆ ಸ್ಟೂಲಿಗೆ ದೊರೆ ಕುರ್ಚಿ ಎಂದು ಹೆಸರಿಟ್ಟವಳು ನಾನು. ಆಗ ನನಗೆ ಹತ್ತು ವರ್ಷ. ಕೇಳಿ ಅಪ್ಪ ನಕ್ಕಿದ್ದ.